ಹತ್ತಿ ಅಂಡಿಗೆಯೊಳಗಿನ ಕಿಡಿ: ರಕ್ತನಾಳಗಳು ನಮಗಿಂತ ಮೊದಲೇ ಮುಪ್ಪಾಗದಂತೆ ನೋಡಿಕೊಳ್ಳುವ ಬಗೆ

ಗದಗದ ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಕಾಕಾ ಒಂದು ಮಾತು ಹೇಳುತ್ತಿದ್ದರು. ಹತ್ತಿ ಅಂಡಿಗೆಗೆ ಹೊರಗಿನಿಂದ ಬೆಂಕಿ ತಗಲಿದರೆ ಕಣ್ಣಿಗೆ ಕಾಣುತ್ತದೆ, ನಾಲ್ಕು ಕೊಡ ನೀರು ಸುರಿದರೆ ಆರುತ್ತದೆ. ಕಿಡಿ ಒಳಗೆ ಸೇರಿಕೊಂಡರೆ ಮಾತ್ರ ಕೆಟ್ಟಿತು. ಜ್ವಾಲೆ ಇಲ್ಲ, ಹೊಗೆಯೂ ಸರಿಯಾಗಿ ಕಾಣುವುದಿಲ್ಲ. ದಿನಗಟ್ಟಲೆ ಒಳಗೊಳಗೇ ಸುಡುತ್ತ ಹೋಗಿ, ಒಂದು ರಾತ್ರಿ ಗೋದಾಮನ್ನೇ ಹಿಡಿಯುತ್ತದೆ.

ಐವತ್ತೆಂಟನೆಯ ವಯಸ್ಸಿನಲ್ಲಿ ಅದೇ ಕಾಕಾ ಅವರಿಗೆ ಹೃದಯಾಘಾತವಾಯಿತು. ಸಕ್ಕರೆ ಕಾಯಿಲೆ ಇರಲಿಲ್ಲ. ಕೊಲೆಸ್ಟ್ರಾಲ್ ಗಾಬರಿಪಡುವಷ್ಟು ಹೆಚ್ಚಿರಲಿಲ್ಲ. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದವಳು ನಾನು. ಅವರ ವರದಿಗಳನ್ನು ನಾನೇ ನೋಡಿ "ಪರವಾಗಿಲ್ಲ ಕಾಕಾ" ಎಂದಿದ್ದೆ. ಹಲ್ಲುಜ್ಜುವಾಗ ಅವರ ಒಸಡಿನಿಂದ ರಕ್ತ ಬರುತ್ತಿದ್ದುದು, ದವಡೆಯಲ್ಲಿ ಸದಾ ಇರುತ್ತಿದ್ದ ತಂಬಾಕು, ಮೊಣಕಾಲು ನೋವಿಗೆಂದು ದಿನವೂ ನುಂಗುತ್ತಿದ್ದ ಗುಳಿಗೆ, ಧೋತರದ ಮೇಲೆ ದಪ್ಪವಾಗುತ್ತಿದ್ದ ಹೊಟ್ಟೆ, ಇವು ಯಾವುವೂ ವರದಿಯಲ್ಲಿ ಇರಲಿಲ್ಲ. ಅವರು ಉಳಿದರು. ರಕ್ತನಾಳಗಳೊಳಗೆ ಹೀಗೆ ಕಾಣದಂತೆ ಸುಡುವ ಕಿಡಿಗೆ ಉರಿಯೂತ ಎನ್ನುತ್ತಾರೆ. ಅದರ ಬಗ್ಗೆ ಆಮೇಲೆ ನಾನು ಓದಿ, ವೈದ್ಯರನ್ನು ಕೇಳಿ, ಮನೆಯಲ್ಲಿ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.

ಮೊದಲು, ಒಳಗೆ ನಡೆಯುವುದೇನು

ಉರಿಯೂತ ನಮ್ಮ ಶತ್ರುವಲ್ಲ. ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಬಿಳಿ ರಕ್ತಕಣಗಳು ಓಡಿಬಂದು ಕೆಲಸ ಮುಗಿಸುತ್ತವೆ, ನಾಲ್ಕು ದಿನದಲ್ಲಿ ಎಲ್ಲ ಆರುತ್ತದೆ. ಆರದೆ ಸಣ್ಣ ಉರಿಯಲ್ಲಿ ವರ್ಷಗಟ್ಟಲೆ ಉಳಿದರೆ ಅದು ದೀರ್ಘಕಾಲದ ಉರಿಯೂತ. ನೋವಿಲ್ಲ, ಜ್ವರವಿಲ್ಲ. ವಯಸ್ಸಾದಂತೆ ಇದು ಎಲ್ಲರಲ್ಲೂ ಸ್ವಲ್ಪ ಏರುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ನೇ ಇಸವಿಯಲ್ಲಿ ಇದಕ್ಕೆ 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು. ಆದರೆ ಎಷ್ಟು ಏರುತ್ತದೆ ಎಂಬುದರಲ್ಲಿ ನಮ್ಮ ಕೈಯೂ ಇದೆ.

ರಕ್ತನಾಳದ ಒಳಗೋಡೆಗೆ ಎಂಡೋಥೀಲಿಯಂ ಎಂಬ ಪದರ ಇರುತ್ತದೆ. ದಪ್ಪ ಕೇವಲ ಒಂದು ಜೀವಕೋಶದ್ದು. ಇದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿ ಇಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಈ ಸಂಗತಿಯನ್ನು ಬಿಡಿಸಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಉರಿಯೂತ ಆರದೆ ಉಳಿದಾಗ ಮೊದಲು ಪೆಟ್ಟು ಬೀಳುವುದು ಈ ನೈಟ್ರಿಕ್ ಆಕ್ಸೈಡ್‌ಗೆ. ನುಣುಪಾಗಿದ್ದ ಪದರ ಅಂಟಾಗುತ್ತದೆ, ಬಿಳಿ ಕಣಗಳು ಅದಕ್ಕೆ ಹತ್ತಿಕೊಂಡು ಗೋಡೆಯೊಳಗೆ ನುಸುಳುತ್ತವೆ. ಅಲ್ಲಿ ಸೇರಿಕೊಂಡಿರುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅನ್ನು ನುಂಗಿ ನುಂಗಿ ನೊರೆಯಂತೆ ಉಬ್ಬುತ್ತವೆ. ಹೀಗೆ ಬೆಳೆದ ಕೊಬ್ಬಿನ ಗಂಟಿನ ಮೇಲೆ ಗಟ್ಟಿ ಪೊರೆ ಇದ್ದರೆ ಅದು ಸುಮ್ಮನೆ ಇರಬಹುದು. ಉರಿಯೂತ ಆ ಪೊರೆಯನ್ನೇ ತಿಂದು ತೆಳುವಾಗಿಸುತ್ತದೆ. ಪೊರೆ ಹರಿದ ಕ್ಷಣ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ.

ಇನ್ನೊಂದು ಹಾನಿ ನಿಧಾನದ್ದು. ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಎಳೆಗಳಿವೆ, ರಬ್ಬರಿನಂತೆ ಹಿಗ್ಗಿ ಕುಗ್ಗುತ್ತವೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ; ಅಷ್ಟು ಸಲ ಈ ಎಳೆಗಳು ಹಿಗ್ಗಬೇಕು. ಎಲಾಸ್ಟಿನ್ ಹೆಚ್ಚಾಗಿ ತಯಾರಾಗುವುದು ಬಾಲ್ಯದಲ್ಲಿಯೇ. ದೊಡ್ಡವರಾದ ಮೇಲೆ ತುಂಡಾದದ್ದು ಸರಿಯಾಗಿ ಮತ್ತೆ ಬೆಳೆಯುವುದಿಲ್ಲ. ಉರಿಯೂತದಿಂದ ಹೊರಬರುವ ಕಿಣ್ವಗಳು ಈ ಎಳೆಗಳನ್ನು ಕತ್ತರಿಸುತ್ತವೆ, ಅವುಗಳ ಜಾಗದಲ್ಲಿ ಬಿರುಸಾದ ಕೊಲಾಜನ್ ತುಂಬಿಕೊಳ್ಳುತ್ತದೆ, ಸುಣ್ಣದಂಶ ಕೂರುತ್ತದೆ. ಹೊಲದಲ್ಲಿ ಬಿಸಿಲಿಗೆ ಬಿದ್ದ ಪೈಪು ಮೂರು ಬೇಸಿಗೆಯಲ್ಲಿ ಬಿರುಸಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಿಡಿ ಬರೀ ಊಹೆಯಲ್ಲ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನದಲ್ಲಿ, ಮೊದಲೇ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡು, ಕೆಲವರಿಗೆ ಉರಿಯೂತದ ಒಂದೇ ಒಂದು ದಾರಿಯನ್ನು ತಡೆಯುವ ಚುಚ್ಚುಮದ್ದು ಕೊಟ್ಟರು. ಎಲ್‌ಡಿಎಲ್ ಇಳಿಯಲಿಲ್ಲ, ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಶೇ 15ರಷ್ಟು ಕಡಿಮೆಯಾದವು. ಜೊತೆಗೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಿದವು. ಮನೆ ಕಾಯುವ ನಾಯಿಯ ಬಾಯಿಗೆ ಬಟ್ಟೆ ಕಟ್ಟಿದಂತೆ. ಹಾಗಾಗಿ ನಮ್ಮಂಥವರ ಕೆಲಸ ಉರಿಯೂತವನ್ನು ಮದ್ದಿನಿಂದ ಹೊಸಕುವುದಲ್ಲ, ಅದಕ್ಕೆ ಸೌದೆ ಒಟ್ಟುವುದನ್ನು ನಿಲ್ಲಿಸುವುದು.

ಹೆಜ್ಜೆ 1: ಟೇಪು ಮತ್ತು ಬಿಪಿ ಯಂತ್ರ

ದುಬಾರಿ ತಪಾಸಣೆಗೆ ಓಡುವ ಮೊದಲು ದರ್ಜಿಯ ಟೇಪು ಹುಡುಕಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳತೆ ತೆಗೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಅದು ಹಗಲಿರುಳು ರಕ್ತಕ್ಕೆ ಬಿಡುತ್ತಿರುತ್ತದೆ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಇದೇ ಲೆಕ್ಕಕ್ಕೆ ಸೇರುತ್ತಾರೆ.

ಬಿಪಿ ನೋಡುವ ಮೊದಲು ಅರ್ಧ ಗಂಟೆ ಚಹಾ, ತಂಬಾಕು ಬೇಡ. ಮೂತ್ರ ಮಾಡಿ ಬಂದು, ಬೆನ್ನು ಆನಿಸಿ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟದಲ್ಲಿರಲಿ. ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಮುಂದೆ ಹೆಚ್ಚು ಬಂದ ತೋಳಿನಲ್ಲೇ ನೋಡುತ್ತಿರಿ. ಮನೆಯ ಅಳತೆಯ ಸರಾಸರಿ 135/85 ದಾಟುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದೂ ನೋಡಿ. ಅಪ್ಪ ಅಮ್ಮನ ವಯಸ್ಸಿನವರಲ್ಲಿ 160/75 ಎಂದು ಬಂದರೆ ಅಂತರ 85. ಅಂತರ 60 ದಾಟಿ ಅಲ್ಲೇ ನಿಂತಿದ್ದರೆ ದೊಡ್ಡ ನಾಳಗಳು ಬಿರುಸಾಗಿರುವ ಸಾಧ್ಯತೆ ಹೆಚ್ಚು. ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ಹಲವು ದಿನಗಳಿಗೊಮ್ಮೆ ನಳದ ನೀರು ಬಿಟ್ಟಾಗ ಬಿರುಸಾದ ಕೊಳವೆ ಹೇಗೆ ಬಡಿದುಕೊಳ್ಳುತ್ತದೆ, ನೆನಪಿಸಿಕೊಳ್ಳಿ. ಆ ಬಡಿತವೆಲ್ಲ ಮಿದುಳಿನ, ಮೂತ್ರಪಿಂಡದ ಸಣ್ಣ ನಾಳಗಳ ಮೇಲೆ ಬೀಳುತ್ತದೆ.

ಹೆಜ್ಜೆ 2: ಸಿಆರ್‌ಪಿ ಪರೀಕ್ಷೆಯನ್ನು ತಿಳಿದು ಮಾಡಿಸಿ

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. ಉರಿಯೂತ ಇದ್ದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಅನ್ನು ಹೆಚ್ಚಾಗಿ ತಯಾರಿಸುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು ಇದು. ರಕ್ತನಾಳದ ವಿಷಯಕ್ಕೆ ಬೇಕಾದದ್ದು 'ಹೈ ಸೆನ್ಸಿಟಿವಿಟಿ ಸಿಆರ್‌ಪಿ'. ಚೀಟಿಯಲ್ಲಿ ಬರೀ ಸಿಆರ್‌ಪಿ ಎಂದಿದ್ದರೆ ಜ್ವರ, ಸೋಂಕಿಗೆ ನೋಡುವ ಸಾಮಾನ್ಯ ಪರೀಕ್ಷೆಯಾಗುತ್ತದೆ, ಸಣ್ಣ ಅಂಕಿಗಳನ್ನು ಅದು ಹಿಡಿಯುವುದಿಲ್ಲ.

ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು. 10 ದಾಟಿದ್ದರೆ ಎಲ್ಲೋ ಸೋಂಕೋ ಗಾಯವೋ ಇರಬಹುದು, ಅದು ಗುಣವಾದ ಮೇಲೆ ಮತ್ತೆ ಮಾಡಿಸಬೇಕು. ನೆಗಡಿ, ಕೆಮ್ಮು, ಹಲ್ಲುನೋವು ಇದ್ದ ವಾರದಲ್ಲಿ ಈ ಪರೀಕ್ಷೆಗೆ ಹೋಗಬೇಡಿ, ದುಡ್ಡು ಹಾಳು. ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ತೆಗೆದರೆ ನಂಬಬಹುದು. ವರದಿಯಲ್ಲಿ ಅಂಕಿಯ ಪಕ್ಕದ ಅಳತೆಯನ್ನೂ ಓದಿ. ಕೆಲವು ಕಡೆ ಡೆಸಿಲೀಟರಿನ ಲೆಕ್ಕದಲ್ಲಿ ಕೊಡುತ್ತಾರೆ. ಡೆಸಿಲೀಟರಿಗೆ 0.3 ಎಂದರೆ ಲೀಟರಿಗೆ 3. ಬರೀ 0.3 ನೋಡಿ ನಿಶ್ಚಿಂತೆಯಿಂದ ಮನೆಗೆ ಹೋದವರನ್ನು ನಾನು ಕರೆದು ಕೂರಿಸಿ ಹೇಳಿದ್ದೇನೆ.

ಎಲ್ಲರಿಗೂ ಈ ಪರೀಕ್ಷೆ ಬೇಕೆಂದೇನಿಲ್ಲ. ಔಷಧ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನ ಇದ್ದಾಗ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದಕ್ಕಿಂತ ಮೊದಲು ಎಲ್‌ಡಿಎಲ್, ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮತ್ತು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ತಿಳಿದಿರಬೇಕು. ಸಂಧಿವಾತ, ಸೋರಿಯಾಸಿಸ್, ಮೂತ್ರಪಿಂಡದ ಕಾಯಿಲೆ ಇದ್ದವರು, ಗರ್ಭಿಣಿಯಾಗಿದ್ದಾಗ ಬಿಪಿ ಏರಿ ತೊಂದರೆಯಾಗಿದ್ದ ಹೆಂಗಸರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಇವು ರಕ್ತನಾಳದ ಅಪಾಯವನ್ನು ಹೆಚ್ಚಿಸುತ್ತವೆ, ಆದರೆ ಯಾರೂ ಕೇಳದಿರಬಹುದು.

ಹೆಜ್ಜೆ 3: ಬಾಯಿಯಿಂದ ಆರಂಭಿಸಿ

ತಂಬಾಕು–ಸುಣ್ಣ, ಗುಟ್ಕಾ, ಬೀಡಿ, ಸಿಗರೇಟ್ ಯಾವುದೇ ಇರಲಿ, ರಕ್ತನಾಳದ ಮಟ್ಟಿಗೆ ಇದಕ್ಕಿಂತ ದೊಡ್ಡ ಸೌದೆ ಇಲ್ಲ. ಹೊಗೆ ಇಲ್ಲದ ತಂಬಾಕು ಹೃದಯಕ್ಕೆ ಸುರಕ್ಷಿತ ಎಂಬ ನಂಬಿಕೆ ನಮ್ಮ ಕಡೆ ಬಹಳ ಬೇರೂರಿದೆ, ಅದು ತಪ್ಪು. ಸಿಗರೇಟ್ ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಬ್ಬರೇ ಬಿಡಲಾಗದಿದ್ದರೆ 1800-11-2356 ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ. ಕಾಕಾ ಬಿಟ್ಟದ್ದು ಮೂರನೆಯ ಪ್ರಯತ್ನದಲ್ಲಿ. ತಂಬಾಕಿನ ಚಂಚಿಯಲ್ಲಿ ಬಡೇಸೋಪು, ಲವಂಗ ತುಂಬಿಕೊಂಡು, ಕೈಗೆ ಅದೇ ಚಂಚಿ ಸಿಗುವಂತೆ ಇಟ್ಟುಕೊಂಡಾಗ ಸಾಧ್ಯವಾಯಿತು.

ಒಸಡಿನ ವಿಷಯಕ್ಕೆ ಬಂದರೆ, ಹಲ್ಲುಜ್ಜುವಾಗ ರಕ್ತ ಬರುವುದು ಸಾಮಾನ್ಯ ಸಂಗತಿಯಲ್ಲ. ಒಸಡಿನ ದೀರ್ಘಕಾಲದ ಸೋಂಕು ಇಡೀ ದೇಹದ ಉರಿಯೂತವನ್ನು ಏರಿಸುತ್ತದೆ. ತೀವ್ರ ಒಸಡು ರೋಗಕ್ಕೆ ಆಳವಾದ ಚಿಕಿತ್ಸೆ ಕೊಟ್ಟವರಲ್ಲಿ ಆರು ತಿಂಗಳ ನಂತರ ರಕ್ತನಾಳದ ಹಿಗ್ಗುವ ಶಕ್ತಿ ಸುಧಾರಿಸಿದ್ದನ್ನು 2007ರ ಅಧ್ಯಯನವೊಂದು ತೋರಿಸಿತು. ಅದರಿಂದ ಹೃದಯಾಘಾತವೇ ತಪ್ಪುತ್ತದೆ ಎಂದು ಹೇಳುವಷ್ಟು ಆಧಾರ ಇನ್ನೂ ಇಲ್ಲ, ಆದರೆ ಹಲ್ಲಾದರೂ ಉಳಿಯುತ್ತದೆ. ರಾತ್ರಿ ಮಲಗುವ ಮೊದಲು ಒಮ್ಮೆ ಹಲ್ಲುಜ್ಜಿ. ವರ್ಷಕ್ಕೊಮ್ಮೆ ದಂತವೈದ್ಯರಲ್ಲಿ ಹಲ್ಲು ಸ್ವಚ್ಛ ಮಾಡಿಸಿ. ಹಾಗೆ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವುದು ಸುಳ್ಳು. ಸಡಿಲ ಮಾಡುವುದು ಗಟ್ಟಿಯಾಗಿ ಕಟ್ಟಿಕೊಂಡ ಪಾಚಿ.

ಹೆಜ್ಜೆ 4: ನೋವಿನ ಗುಳಿಗೆಯ ಲೆಕ್ಕ ಬರೆಯಿರಿ

ಇದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು. ಉರಿಯೂತದಿಂದ ರಕ್ತನಾಳ ಹಾಳಾಗುತ್ತದೆ ಎಂದ ಕೂಡಲೇ ಉರಿಯೂತ ಇಳಿಸುವ ಗುಳಿಗೆ ನುಂಗಿದರಾಯಿತು ಎಂದು ಅನ್ನಿಸುವುದು ಸಹಜ. ಆಗುವುದು ತಿರುವುಮುರುವು. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ರಕ್ತನಾಳದ ಒಳಪದರವು ತಯಾರಿಸುವ ಪ್ರೊಸ್ಟಾಸೈಕ್ಲಿನ್ ಎಂಬ ರಕ್ಷಕ ವಸ್ತುವನ್ನು ಕಡಿಮೆ ಮಾಡುತ್ತವೆ. ಮೂತ್ರಪಿಂಡದಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ, ಬಿಪಿ ಔಷಧದ ಕೆಲಸ ಕೆಡಿಸುತ್ತವೆ. ಇದೇ ಗುಂಪಿನ ರೊಫೆಕಾಕ್ಸಿಬ್ ಎಂಬ ಔಷಧವನ್ನು ಹೃದಯಾಘಾತದ ಅಪಾಯ ಕಂಡುಬಂದದ್ದರಿಂದಲೇ 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು.

ಸುಗ್ಗಿಯ ದಿನಗಳಲ್ಲಿ ಹಾವೇರಿ, ಬ್ಯಾಡಗಿ, ರೋಣದ ಕಡೆ ಮೆಣಸಿನಕಾಯಿ ಬಿಡಿಸಿ, ಕಡಲೆ ಕಿತ್ತು ಸೊಂಟ ನೋಯಿಸಿಕೊಂಡವರು ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ಪಡೆದು ದಿನವೂ ನುಂಗುವುದನ್ನು ನೋಡಿದ್ದೇನೆ. ಅವರ ನೋವು ನಿಜ, ಅವರನ್ನು ಗದರಿಸುವುದು ನನಗೆ ಬೇಡ. ಆದರೆ ಒಂದು ತಿಂಗಳು ಲೆಕ್ಕ ಬರೆದಿಡಿ, ಎಷ್ಟು ದಿನ, ಎಷ್ಟು ಗುಳಿಗೆ ಎಂದು. ಆ ಹಾಳೆಯನ್ನು ವೈದ್ಯರಿಗೆ ತೋರಿಸಿ ಬೇರೆ ದಾರಿ ಕೇಳಿ. ಬಿಸಿ ಶಾಖ, ವ್ಯಾಯಾಮ, ಅವರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಎಷ್ಟೋ ಜನರಿಗೆ ಸಾಕಾಗುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ ಒಂದೇ ದಿನಕ್ಕೆ ಮೊಣಕಾಲು ಸರಿ ಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಸಕ್ಕರೆ, ಬಿಪಿ ಎರಡನ್ನೂ ಅದು ಏರಿಸುತ್ತದೆ. ಆಸ್ಪಿರಿನ್ ಅನ್ನೂ ನೀವೇ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಅನ್ನು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯನ್ನು ನೀವೇ ನಿಲ್ಲಿಸಲೂಬೇಡಿ. ಸ್ಟ್ಯಾಟಿನ್ ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ.

ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಡುಗೆಯಲ್ಲಿ ಹಾಕಿ, ಒಳ್ಳೆಯದು. ಅದರ ಸತ್ವದ ಕ್ಯಾಪ್ಸೂಲುಗಳು ಬೇಡ. ಆ ಸತ್ವ, ಅಂದರೆ ಕರ್ಕ್ಯುಮಿನ್, ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸೇರುವಂತೆ ಮಾಡಿದ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ.

ಹೆಜ್ಜೆ 5: ತಾಟಿನಲ್ಲಿ ಹಳೆಯದನ್ನು ಮರಳಿ ತನ್ನಿ

ಎಲ್ಲಿಂದಲೋ ಬೆಲೆಬಾಳುವ ಎಣ್ಣೆ, ಹಣ್ಣು ತರಿಸಬೇಕಿಲ್ಲ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ಇದ್ದ ನಮ್ಮ ಅಜ್ಜಿಯ ತಾಟಿನಲ್ಲಿ ನಾರಿನಂಶ ಬೇಕಾದಷ್ಟಿತ್ತು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಈ ನಾರನ್ನು ಹುದುಗಿಸಿ ಉರಿಯೂತ ತಗ್ಗಿಸುವ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅಗಸಿ ಹಿಂಡಿಯಲ್ಲಿ ಸಸ್ಯಮೂಲದ ಒಮೆಗಾ-3 ಇದೆ. ಅಗಸಿಯನ್ನು ಇಡಿಯಾಗಿ ತಿಂದರೆ ಹಾಗೇ ಹೊರಹೋಗುತ್ತದೆ. ಹುರಿದು ಕುಟ್ಟಿ, ಸ್ವಲ್ಪ ಸ್ವಲ್ಪವೇ ಮಾಡಿಟ್ಟುಕೊಳ್ಳಿ.

ಕೆಟ್ಟದ್ದು ಸೇರಿಕೊಂಡದ್ದು ಸಂಜೆಯ ಹೊತ್ತಿಗೆ. ಗಿರ್ಮಿಟ್ ತಿನ್ನಿ, ಬೇಡ ಎನ್ನುವುದಿಲ್ಲ. ಜೊತೆಗಿನ ಮಿರ್ಚಿ ಭಜಿ ಕರಿದ ಎಣ್ಣೆಯನ್ನೊಮ್ಮೆ ನೋಡಿ. ಕಪ್ಪಗೆ, ಮಂದವಾಗಿ, ನೊರೆ ಬರುತ್ತಿದ್ದರೆ ಅದು ಹಲವು ಸಲ ಕಾದ ಎಣ್ಣೆ. ಕಾದು ಕಾದು ಎಣ್ಣೆಯಲ್ಲಿ ಹುಟ್ಟುವ, 'ಪೋಲಾರ್' ಎನ್ನುವ ಕೆಟ್ಟ ಅಂಶ ಶೇ 25 ದಾಟಿದರೆ ಅದನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಮನೆಯಲ್ಲೂ ಹಬ್ಬದ ಕರಿದ ಎಣ್ಣೆಯನ್ನು ವಾರಗಟ್ಟಲೆ ಒಗ್ಗರಣೆಗೆ ಬಳಸಬೇಡಿ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಕೆಂಪು ಖಾರದ ರಂಜಕ ಈ ಲೆಕ್ಕದಲ್ಲೇ ಬರುತ್ತವೆ. ಸಾವಜಿ ಊಟ ತಿಂಗಳಿಗೊಮ್ಮೆ ಇರಲಿ, ಮೇಲೆ ತೇಲುವ ಎಣ್ಣೆ ಬಿಟ್ಟು. ಪೇಢೆ ಒಂದು ಸಾಕು, ಪೊಟ್ಟಣ ಅಲ್ಲ.

ಹೆಜ್ಜೆ 6: ನಡೆಯಿರಿ, ಮಲಗಿರಿ, ಹೊಗೆ ತಪ್ಪಿಸಿ

ರಕ್ತ ವೇಗವಾಗಿ ಹರಿದಾಗ ಒಳಪದರವನ್ನು ಉಜ್ಜಿಕೊಂಡು ಹೋಗುತ್ತದೆ, ಆ ಉಜ್ಜುವಿಕೆಯೇ ನೈಟ್ರಿಕ್ ಆಕ್ಸೈಡ್ ತಯಾರಾಗಲು ಸೂಚನೆ. ಅದಕ್ಕೇ ನಡಿಗೆ ಇಷ್ಟು ಕೆಲಸ ಮಾಡುವುದು. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದೆ, ನೃಪತುಂಗ ಬೆಟ್ಟ ಇದೆ. ಧಾರವಾಡದವರಿಗೆ ಸಾಧನಕೇರಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ. ಗದಗದಲ್ಲಿ ಭೀಷ್ಮ ಕೆರೆಯ ದಂಡೆ, ಹಾವೇರಿಯಲ್ಲಿ ಹೆಗ್ಗೇರಿ. ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡುವವರು ಒಂದು ನಿಲ್ದಾಣ ಮೊದಲೇ ಇಳಿಯಬಹುದು. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗಿ, ಮತ್ತೆ ನಡೆದರೆ ಮತ್ತೆ ಹಿಡಿದುಕೊಂಡರೆ ಅದು ಕಾಲಿನ ರಕ್ತನಾಳ ಕಟ್ಟಿಕೊಂಡದ್ದರ ಸೂಚನೆ ಇರಬಹುದು, ತೋರಿಸಿಕೊಳ್ಳಿ.

ನಿದ್ದೆ ಏಳು ಗಂಟೆ ಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಿದ್ದರೆ ಅದನ್ನು ಗಮನಿಸಿ ವೈದ್ಯರಿಗೆ ಹೇಳಬೇಕಾದವರು ಮನೆಯವರೇ. ಸೌದೆ ಒಲೆಯ ಹೊಗೆ, ಕಸ ಸುಡುವ ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿ ರಕ್ತನಾಳದವರೆಗೂ ಹಾನಿ ಮುಟ್ಟಿಸುತ್ತವೆ. ಬಚ್ಚಲ ನೀರಿನ ಒಲೆಯ ಮುಂದೆ ಬೆಳಗಿನ ಹೊತ್ತು ಕೂರುವ ಅಮ್ಮಂದಿರನ್ನು ಅಲ್ಲಿಂದ ಎಬ್ಬಿಸಿ. ಅರವತ್ತು ದಾಟಿದವರಿಗೆ, ಹೃದ್ರೋಗ ಇದ್ದವರಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಫ್ಲೂ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಹಲವು ಪಟ್ಟು ಏರುತ್ತದೆ.

ಹೆಜ್ಜೆ 7: ಮೂರು ತಿಂಗಳಿಗೆ ಮತ್ತೆ ಅಳತೆ

ಒಂದು ವಹಿಯಲ್ಲಿ ದಿನಾಂಕ, ಸೊಂಟದ ಸುತ್ತಳತೆ, ಬಿಪಿ, ನುಂಗಿದ ನೋವಿನ ಗುಳಿಗೆಗಳ ಸಂಖ್ಯೆ ಬರೆಯಿರಿ. ಅದೇ ತೋಳು, ಅದೇ ಹೊತ್ತು, ಅದೇ ಪ್ರಯೋಗಾಲಯ. ಸೊಂಟ ನಾಲ್ಕು ಸೆಂಟಿಮೀಟರ್ ಇಳಿದರೂ ಅದು ದೊಡ್ಡ ಗಳಿಕೆ. ಏನೂ ಇಳಿಯದಿದ್ದರೆ ಬೇಸರಪಡದೆ ವಹಿಯನ್ನು ವೈದ್ಯರ ಮುಂದಿಡಿ, ಔಷಧ ಬೇಕಾಗಬಹುದು. ಔಷಧ ತೆಗೆದುಕೊಳ್ಳುವುದು ಸೋಲಲ್ಲ.

ಈ ಹೆಜ್ಜೆಗಳ ನಡುವೆಯೇ ಎದೆ ಒತ್ತಿದಂತಾಗಿ, ನೋವು ತೋಳಿಗೋ ದವಡೆಗೋ ಹಬ್ಬಿ, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ. ಕಾಕಾ ಕಳೆದುಕೊಂಡದ್ದು ಹಾಗೆ ಮೂರು ಗಂಟೆ. ಮುಖ ಒಂದು ಕಡೆ ವಾಲಿ, ಒಂದು ಕೈ ಬಲ ಕಳೆದುಕೊಂಡು, ಮಾತು ತೊದಲಿದರೂ ಅಷ್ಟೇ ತುರ್ತು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಮದ್ದನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಳೆಯ ಇಸಿಜಿ, ನುಂಗುತ್ತಿರುವ ಗುಳಿಗೆಗಳ ಚೀಟಿ ಮತ್ತು ಆ ವಹಿಯನ್ನು ಒಂದೇ ಚೀಲದಲ್ಲಿಟ್ಟು, ಚೀಲ ಎಲ್ಲಿದೆ ಎಂದು ಮನೆಯ ಮಕ್ಕಳಿಗೂ ಹೇಳಿಡಿ.